ಜಿಮ್ ಕಟ್ಟಿಸೋಕೆ ಮಹಾರಾಜರೇ ಬೇಕಾ?

ಬೂದಿಗೆರೆ ಕ್ರಾಸ್ ಸುತ್ತ ಎದ್ದಿರುವ ಅಪಾರ್ಟ್‌ಮೆಂಟ್‌ಗಳ ಜಾಹೀರಾತು ಓದಿ. ಈಜುಕೊಳದ ಪಕ್ಕ ಜಿಮ್ ಇದ್ದೇ ಇರುತ್ತೆ. ಕೋಟಿ ಕೊಟ್ಟು ಮನೆ ಕೊಂಡವರಿಗೆ ಅದು ಸೌಲಭ್ಯ. ಅದೇ ಕ್ರಾಸಿನ ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ ದಾಟಿದರೆ ಕೋಲಾರ. ಆ ಊರನ್ನು ಹೆಸರಿನ ಮುಂದೆ ಇಟ್ಟುಕೊಂಡ ಒಬ್ಬರು, ಗಟ್ಟಿ ಮೈಕಟ್ಟು ಸಾಮಾನ್ಯರಿಗೂ ಸಿಗಬೇಕಾದ್ದು ಅಂತ ನಂಬಿ ಬದುಕಿದ್ದರು. ಅವರೇ ಕೋಲಾರದ ವೆಂಕಟೇಶ ಅಯ್ಯರ್, ಅಂದರೆ ಪ್ರೊ. ಕೆ.ವಿ. ಅಯ್ಯರ್.

ಕನ್ನಡ ಓದುಗರಿಗೆ ಅವರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರು. ಕೈಲಾಸಂ ಅವರ ಆಪ್ತರು ಕೂಡ. ಆ ಗೆಳೆತನದ ನೆನಪಿಗೆ 'ಕೈಲಾಸಂ ಸ್ಮರಣೆ' ಬರೆದರು. ಆದರೆ ಪೆನ್ನು ಹಿಡಿದ ಆ ಕೈ ಮೊದಲು ಹಿಡಿದದ್ದು ಡಂಬೆಲ್.

ಯುರೋಪಿನ ಮೈಕಟ್ಟು ಪಟು ಯುಜೀನ್ ಸ್ಯಾಂಡೋ ಹೆಸರು ಭಾರತದ ಹುಡುಗರ ತಲೆ ಕೆಡಿಸಿದ್ದ ಕಾಲ ಅದು. 1920ರ ದಶಕದಲ್ಲಿ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸತೊಡಗಿದರು. ಗರಡಿ ಮನೆಯ ಸಾಮು ಒಂದು ಕಡೆ, ಪಶ್ಚಿಮದ ಕಬ್ಬಿಣ ಇನ್ನೊಂದು ಕಡೆ ಅಂತ ಅವರು ಗೋಡೆ ಕಟ್ಟಲಿಲ್ಲ. ಭಾರ ಎತ್ತುವುದು, ಸೂರ್ಯನಮಸ್ಕಾರ, ಆಸನ ಮೂರನ್ನೂ ಒಟ್ಟಿಗೆ ಕಲಿಸಿದರು. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬಂತು. ದೂರದವರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಇಂಜಿನಿಯರಿಂಗ್ ಓದಿದ ನನಗೆ ಇದು ಇವತ್ತಿನ ಫಿಟ್ನೆಸ್ ಆ್ಯಪಿನ ಅಜ್ಜನ ಹಾಗೆ ಕಾಣುತ್ತೆ.

ಈ ಕತೆಯಲ್ಲಿ ಒಬ್ಬ ದಾನಿಯೂ ಇದ್ದಾರೆ: ನಾಲ್ವಡಿ ಕೃಷ್ಣರಾಜ ಒಡೆಯರ್. ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಗೆ ಜಾಗ ಕೊಟ್ಟದ್ದು ಅವರೇ. ಅಲ್ಲೇ ಹತ್ತಿರದಲ್ಲಿ ಅಯ್ಯರ್ ಪದ್ಧತಿಯ ವ್ಯಾಯಾಮಶಾಲೆಯೂ ನಡೆಯಿತು. ಮಹಾರಾಜರ ಅನಾರೋಗ್ಯಕ್ಕೆ ಅಯ್ಯರ್ ಅಂಗಮರ್ದನ ಮಾಡಿ ಆರೈಕೆ ಮಾಡಿದ್ದರು. ಆ ಕೃತಜ್ಞತೆಯ ಹಣದಿಂದ ಬೆಂಗಳೂರಿನಲ್ಲಿ, ಈಗಿನ ಜೆ.ಸಿ. ರಸ್ತೆಯಲ್ಲಿ, 1940ರ ಹೊತ್ತಿಗೆ ವ್ಯಾಯಾಮಶಾಲೆಯ ಸ್ವಂತ ಕಟ್ಟಡ ಎದ್ದಿತು. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿ ತೀರಿಕೊಂಡರು. ಅಯ್ಯರ್ 1980ರವರೆಗೆ ಬದುಕಿದ್ದರು.

ಒಳ್ಳೆಯ ಅರಸ, ಒಳ್ಳೆಯ ಗುರು, ಚೆಂದದ ಕತೆ ಅಂತ ಇಲ್ಲಿಗೇ ಮುಗಿಸಬಹುದು. ನನಗೆ ಹಾಗನ್ನಿಸಲ್ಲ. ಅರಸರಿಗೆ ಗುಣವಾಗದೇ ಇದ್ದಿದ್ದರೆ? ಅವರಿಗೆ ಅಯ್ಯರ್ ಪರಿಚಯವೇ ಆಗದಿದ್ದರೆ? ದಾನದ ತೊಂದರೆ ಇರೋದೇ ಇಲ್ಲಿ. ಕೊಡೋರ ಮನಸ್ಸು ಎಷ್ಟೇ ದೊಡ್ಡದಿರಲಿ, ಪಡೆಯುವವರ ಕೈಯಲ್ಲಿ ಹಕ್ಕು ಇರಲ್ಲ. ಇನ್ನೊಂದು ಮಾತೂ ಇದೆ. ದಾನದಿಂದ ಕಟ್ಟಡ ಎದ್ದಿತು ನಿಜ, ಆದರೆ ಅದಕ್ಕೆ ಮುಂಚೆಯೇ ಹತ್ತಾರು ವರ್ಷ ಶಾಲೆ ನಡೆದದ್ದು ಕಲಿಸುವ ಮನುಷ್ಯ ಇದ್ದದ್ದರಿಂದ.

ನಮ್ಮ ಕಾಲಕ್ಕೆ ಮಹಾರಾಜರಿಲ್ಲ, ಕಾನೂನಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಕೊಡಬೇಕು. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕು. ಕಟ್ಟಡ ಮತ್ತು ಗುರು, ಎರಡೂ ಅಲ್ಲಿ ಬರೆದಿದೆ. ಅಯ್ಯರ್‌ಗೆ ಅರಸರ ಕೃತಜ್ಞತೆಯಿಂದ ಸಿಕ್ಕಿದ್ದು ನಮ್ಮ ಮಕ್ಕಳಿಗೆ ಕಾನೂನಿನಿಂದ ಸಿಗಬೇಕು.

ಹಾಗಿದ್ದರೂ ಸರ್ಕಾರಿ ಶಾಲೆಗೆ ಏನಾದರೂ ಬೇಕಾದಾಗ ನಾವು ಮೊದಲು ಹುಡುಕೋದು ದಾನಿಯನ್ನ. ಕಲ್ಲಿನ ಮೇಲೆ ಹೆಸರು ಕೆತ್ತಿಸಿ, ಹಾರ ಹಾಕಿ, ಫೋಟೋ ತೆಗೆಸಿ ಕಳಿಸ್ತೀವಿ. ದಾನಿಗೆ ಕೈ ಮುಗಿಯೋಣ, ತಪ್ಪೇನಿಲ್ಲ. ಆದರೆ ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳೋಣ: ನಮ್ಮೂರ ಶಾಲೆಗೆ ಮೈದಾನ ಎಷ್ಟಿದೆ, ಪಿಟಿ ಮೇಷ್ಟ್ರು ಯಾರು? ಉತ್ತರ ಕೊಡಬೇಕಾದವರು ದಾನಿಗಳಲ್ಲ, ನಾವು ಓಟು ಹಾಕಿ ಕೂರಿಸಿದವರು.