ಬೆಳಕಿನ ವೈದ್ಯ ಫಿನ್ಸೆನ್

ಮುಖವನ್ನೇ ವರ್ಷಗಟ್ಟಲೆ ತಿಂದು, ಮೂಗು ತುಟಿಗಳನ್ನು ಕರಗಿಸಿ, ರೋಗಿಯನ್ನು ಮನೆಯ ಮೂಲೆಗೆ ಸೇರಿಸುತ್ತಿದ್ದ ವ್ಯಾಧಿಯೊಂದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿತ್ತು. ಲೂಪಸ್ ವಲ್ಗ್ಯಾರಿಸ್ ಎಂಬ ಅದು ಚರ್ಮಕ್ಕೆ ತಗಲುವ ಕ್ಷಯ. ಕೆರೆದು ತೆಗೆಯುವುದು, ಸುಡುವುದು, ಕೊಯ್ಯುವುದು ಅಂದಿನ ಚಿಕಿತ್ಸೆ. ರೋಗಕ್ಕಿಂತ ಅದರ ಕಲೆಯೇ ವಿಕಾರವಾಗುತ್ತಿದ್ದುದೂ ಉಂಟು. ಈ ಚರ್ಮಕ್ಕೆ ಬೆಳಕನ್ನೇ ಔಷಧವಾಗಿ ಕೊಟ್ಟವನು ನೀಲ್ಸ್ ಫಿನ್ಸೆನ್.

ಉತ್ತರ ಅಟ್ಲಾಂಟಿಕ್ಕಿನ ಫೆರೋ ದ್ವೀಪಗಳಲ್ಲಿ 1860ರ ಡಿಸೆಂಬರ್ 15ರಂದು ಜನಿಸಿದ ಅವನು ಐಸ್‌ಲೆಂಡಿನಲ್ಲಿ ಓದಿ, 1890ರಲ್ಲಿ ಕೋಪನ್‌ಹೇಗನ್ನಿನಲ್ಲಿ ವೈದ್ಯಪದವಿ ಪಡೆದನು. ಬಿಸಿಲಿನ ಬೆಲೆ ಆ ನಾಡಿನವರಿಗೆ ತಿಳಿದಷ್ಟು ನಮಗೆ ತಿಳಿಯಲಾರದು. ಆ ವೇಳೆಗಾಗಲೇ ಹೊಟ್ಟೆಯಲ್ಲಿ ನೀರು ತುಂಬುವ ಅಸಾಧ್ಯ ರೋಗವೊಂದು ಅವನ ಮೈಯನ್ನು ಹೊಕ್ಕಿತ್ತು. ಸಿಡುಬಿನವರನ್ನು ಕೆಂಪು ಬೆಳಕಿನಲ್ಲಿಟ್ಟರೆ ಕಲೆ ಉಳಿಯದೆಂದು 1893ರಲ್ಲಿ ಅವನು ವಾದಿಸಿದನು. ಆ ವಾದ ನಿಲ್ಲಲಿಲ್ಲ.

ನಿಂತದ್ದು 1895ರ ಪ್ರಯೋಗ. ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ವಿದ್ಯುದ್ದೀಪದ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ, ನೀರಿನ ಮೂಲಕ ಹಾಯಿಸಿ ಕಾವನ್ನು ಕಳೆದು, ರೋಗ ಹಿಡಿದ ಭಾಗದ ಮೇಲೆ ಬಿಡುವುದು. ರಕ್ತ ಬೆಳಕನ್ನು ಹೀರಿಬಿಡುವುದೆಂದು ಅರಿತು, ಸ್ಫಟಿಕದ ಬಿಲ್ಲೆಯಿಂದ ಚರ್ಮವನ್ನು ಒತ್ತಿ ರಕ್ತವನ್ನು ಸರಿಸಿದುದು ಅವನ ನಿಜವಾದ ಜಾಣ್ಮೆಯೆಂದು ನನಗೆ ತೋರುತ್ತದೆ. ಒಂದು ಸಲಕ್ಕೆ ವಾಸಿಯಾಗುವುದು ಅಂಗೈಯಗಲವೂ ಅಲ್ಲ. ತಿಂಗಳುಗಟ್ಟಲೆ ದಾದಿಯರು ದೀಪದ ಬಳಿ ಕುಳಿತಿರಬೇಕಾಗಿತ್ತು. ಆದರೆ ಹುಣ್ಣು ಮಾಯ್ದ ಮೇಲೆ ಉಳಿಯುತ್ತಿದ್ದ ಚರ್ಮ ಮೃದುವಾಗಿತ್ತು; ಮುಚ್ಚಿಕೊಂಡಿದ್ದ ಮುಖಗಳು ಮತ್ತೆ ಬೀದಿಗೆ ಬಂದವು. 1896ರಲ್ಲಿ ಅವನ ಸಂಸ್ಥೆ ಸ್ಥಾಪಿತವಾಯಿತು. ಡೆನ್ಮಾರ್ಕಿನ ಮಗಳಾದ ಅಲೆಕ್ಸಾಂಡ್ರಾ 1900ರಲ್ಲಿ ಲಂಡನ್ ಆಸ್ಪತ್ರೆಗೆ ಇಂಥ ದೀಪವನ್ನು ಕೊಡಿಸಿದಳು.

ಇದರ ಗುಟ್ಟನ್ನು ಅವನು ಪೂರ್ತಿ ಕಂಡಿರಲಿಲ್ಲ. ನೇರಳಾತೀತ ಕಿರಣವೇ ಕ್ರಿಮಿಯನ್ನು ಕೊಲ್ಲುವುದೆಂದು ಭಾವಿಸಿದ್ದನು. ಅವನ ಮಸೂರಗಳು ಅದರ ಹ್ರಸ್ವ ಅಲೆಗಳನ್ನು ಹಾಯಗೊಡುತ್ತಿರಲಿಲ್ಲವೆಂದೂ, ಕ್ಷಯಾಣುವಿನೊಳಗಿನ ಪಾರ್ಫಿರಿನ್ ಎಂಬ ವಸ್ತುವೇ ಬೆಳಕಿನಿಂದ ಕೆರಳಿ ಅದನ್ನು ನಾಶಮಾಡಿರಬೇಕೆಂದೂ 2005ರ ಪರಿಶೋಧನೆ ತೋರಿತು. ಕ್ಷಯದ ಮದ್ದುಗಳು ಬಂದಮೇಲೆ ಅವನ ದೀಪ ಮೂಲೆ ಸೇರಿತು; ಆದರೆ ತೊನ್ನಿಗೂ ಸೋರಿಯಾಸಿಸಿಗೂ 311 ನ್ಯಾನೋಮೀಟರಿನ ಕಿರಣ ಇಂದೂ ಬಳಕೆಯಲ್ಲಿದೆ. ಮೈಬಣ್ಣದ ಚೆಲುವಿಗಾಗಿ ಅಂಥದೇ ಬೆಳಕಿನಲ್ಲಿ ಮಲಗುವವರ ಸಂಗತಿ ಬೇರೆ. ಆ ಯಂತ್ರಗಳನ್ನು 2009ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಯಿತು.

1903ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಸ್ಟಾಕ್‌ಹೋಮಿಗೆ ಹೋಗುವ ಶಕ್ತಿ ಅವನಲ್ಲಿರಲಿಲ್ಲ. ಕೊನೆಯ ದಿನಗಳಲ್ಲಿ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡು, ಉಪ್ಪಿಗೂ ಮೈಯಲ್ಲಿ ನಿಲ್ಲುವ ನೀರಿಗೂ ಇರುವ ಸಂಬಂಧವನ್ನು ಅಳೆಯುತ್ತಿದ್ದನು. ಆ ಲೇಖನ 1904ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸೆಪ್ಟೆಂಬರ್ 24ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು.