ರಾಬರ್ಟ್ ಕಾಕ್

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ರೈತರನ್ನು ಕಂಗೆಡಿಸಿದ್ದ ಪಿಡುಗುಗಳಲ್ಲಿ ಆಂತ್ರಾಕ್ಸ್ ಎಂಬ ನೆರಡಿ ರೋಗವೂ ಒಂದು. ಸಂಜೆ ಚೆನ್ನಾಗಿ ಮೇಯ್ದು ಬಂದ ದನ ಕುರಿಗಳು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತಿದ್ದವು. ಅವುಗಳ ತೊಗಲು, ಉಣ್ಣೆಗಳನ್ನು ಮುಟ್ಟಿದ ಮನುಷ್ಯರಿಗೂ ರೋಗ ತಗಲುತ್ತಿತ್ತು. ಇದರ ಗುಟ್ಟನ್ನು ಬಿಡಿಸಿದವನು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ. ಹಳ್ಳಿಗಾಡಿನ ಒಬ್ಬ ಸರ್ಕಾರಿ ವೈದ್ಯ.

ರಾಬರ್ಟ್ ಕಾಕ್ ೧೮೪೩ರ ಡಿಸೆಂಬರ್ ೧೧ರಂದು ಜರ್ಮನಿಯ ಕ್ಲೌಸ್ಟಾಲ್ ಎಂಬ ಗಣಿಯೂರಿನಲ್ಲಿ ಜನಿಸಿದನು. ಗಟಿಂಗೆನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ, ೧೮೭೨ರಲ್ಲಿ ವೋಲ್‌ಸ್ಟೀನ್ ಎಂಬ ಸಣ್ಣ ಪಟ್ಟಣಕ್ಕೆ ವೈದ್ಯಾಧಿಕಾರಿಯಾಗಿ ಬಂದನು. ಅಲ್ಲಿ ಪ್ರಯೋಗಾಲಯವಿರಲಿಲ್ಲ, ಮನೆಯೇ ಪ್ರಯೋಗಾಲಯವಾಯಿತು. ರೋಗದಿಂದ ಸತ್ತ ಪ್ರಾಣಿಗಳ ರಕ್ತದಲ್ಲಿ ಕಡ್ಡಿಯಂತಹ ಕಣಗಳಿರುವುದನ್ನು ಬೇರೆಯವರು ಮೊದಲೇ ಕಂಡಿದ್ದರು. ಅವೇ ರೋಗಕ್ಕೆ ಕಾರಣವೆಂದು ತೋರಿಸಿಕೊಡುವ ಕೆಲಸ ಉಳಿದಿತ್ತು. ಕಾಕ್ ಮರದ ಸಿಬಿರುಗಳನ್ನು ಕಾಯಿಸಿ ಶುದ್ಧಗೊಳಿಸಿ, ಅವುಗಳ ಮೂಲಕ ಆ ರಕ್ತವನ್ನು ಇಲಿಗಳ ಮೈಗೆ ಸೇರಿಸಿದನು. ಇಲಿಗಳು ಸತ್ತವು. ಎತ್ತಿನ ಕಣ್ಣಿನ ತಿಳಿದ್ರವದಲ್ಲಿ ಆ ಕಡ್ಡಿಗಳನ್ನು ಬೆಳೆಸಿ, ಗಂಟೆಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತನು. ಕಡ್ಡಿಗಳು ನೂಲಿನಂತೆ ಉದ್ದವಾಗಿ, ಅವುಗಳಲ್ಲಿ ಮಣಿಗಳಂತೆ ಬೀಜಕಗಳು ಮೂಡಿದವು. ಈ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಉಳಿಯಬಲ್ಲವು. ಕೆಲವು ಹುಲ್ಲುಗಾವಲುಗಳು ಮತ್ತೆ ಮತ್ತೆ ದನಗಳನ್ನು ಬಲಿತೆಗೆದುಕೊಳ್ಳುತ್ತಿದ್ದುದೇಕೆಂಬುದು ಆಗ ತಿಳಿಯಿತು. ೧೮೭೬ರಲ್ಲಿ ಬ್ರೆಸ್ಲಾ ನಗರದ ವಿದ್ವಾಂಸರ ಮುಂದೆ ಅವನು ಈ ಪ್ರಯೋಗಗಳನ್ನು ಮಾಡಿ ತೋರಿಸಿದನು.

ಅನಂತರ ಬರ್ಲಿನ್ನಿನಲ್ಲಿ ಅವನು ಕ್ಷಯದ ಬೆನ್ನುಹತ್ತಿದನು. ಶ್ವಾಸಕೋಶವನ್ನು ಕೊರೆದು ತಿನ್ನುವ ಈ ರೋಗವು ವಂಶಪಾರಂಪರ್ಯವಾಗಿ ಬರುವುದೆಂದು ಅನೇಕರು ನಂಬಿದ್ದ ಕಾಲವದು. ಕ್ಷಯಾಣುವಿಗೆ ಸುಲಭವಾಗಿ ಬಣ್ಣ ಹತ್ತುವುದಿಲ್ಲ. ಅದು ಬೆಳೆಯುವುದೂ ಬಲು ನಿಧಾನ. ಕಾಕ್ ಬಣ್ಣ ಹತ್ತಿಸುವ ಹೊಸ ಕ್ರಮವನ್ನು ಕಂಡುಹಿಡಿದು, ಹೆಪ್ಪುಗಟ್ಟಿಸಿದ ರಕ್ತದ ಸೀರಮ್ಮಿನ ಮೇಲೆ ಅದನ್ನು ವಾರಗಟ್ಟಲೆ ಬೆಳೆಸಿದನು. ೧೮೮೨ರ ಮಾರ್ಚ್ ೨೪ರಂದು ತನ್ನ ಶೋಧವನ್ನು ಪ್ರಕಟಿಸಿದನು. ಎರಡು ವರ್ಷಗಳ ಬಳಿಕ ಕಲ್ಕತ್ತೆಗೆ ಬಂದು ಕಾಲರಾದ ರೋಗಾಣುವನ್ನೂ ಗುರುತಿಸಿದನು. ೧೯೦೫ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟು ಎಚ್ಚರದ ಮನುಷ್ಯನೂ ಎರಡು ಸಲ ಆತುರಪಟ್ಟನು. ೧೮೯೦ರಲ್ಲಿ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯಕ್ಕೆ ಮದ್ದೆಂದು ಹೊರತಂದನು. ರೋಗಿಗಳು ಗುಂಪುಗುಂಪಾಗಿ ಬರ್ಲಿನ್ನಿಗೆ ಧಾವಿಸಿದರು. ಗುಣವಾಗುವ ಬದಲು ಹಲವರ ಸ್ಥಿತಿ ಕೆಟ್ಟಿತು. ೧೯೦೧ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ, ಹಸುವಿನ ಕ್ಷಯವು ಮನುಷ್ಯರಿಗೆ ಅಂಟುವುದು ತೀರ ಅಪರೂಪವೆಂದೂ, ಹಾಲಿನ ವಿಷಯದಲ್ಲಿ ವಿಶೇಷ ಕ್ರಮಗಳು ಬೇಕಿಲ್ಲವೆಂದೂ ಸಾರಿದನು. ಪ್ರಾಣಿಯ ರೋಗವನ್ನು ಕುರಿತ ಶೋಧದಿಂದಲೇ ಹೆಸರಾದವನ ಮಾತಿದು! ಮನುಷ್ಯನ ಕ್ಷಯಾಣುವೂ ಹಸುವಿನ ಕ್ಷಯಾಣುವೂ ಬೇರೆ ಬೇರೆ ಎಂಬುದು ನಿಜವಾಗಿತ್ತು. ಅದರಿಂದ ಅವನು ಎಳೆದ ತೀರ್ಮಾನ ಮಾತ್ರ ತಪ್ಪಾಗಿತ್ತು. ಬ್ರಿಟಿಷ್ ಸರ್ಕಾರವು ಒಡನೆಯೇ ಒಂದು ಆಯೋಗವನ್ನು ನೇಮಿಸಿತು. ಕಾಯಿಸದ ಹಾಲಿನ ಮೂಲಕ ಹಸುವಿನ ಕ್ಷಯವು ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಹರಡುವುದೆಂದು ವರ್ಷಗಳ ಪರೀಕ್ಷೆಯಿಂದ ಸಿದ್ಧವಾಯಿತು. ಆಯೋಗದ ಕೊನೆಯ ವರದಿ ಹೊರಬಂದುದು ೧೯೧೧ರಲ್ಲಿ. ಅದಕ್ಕೆ ಹಿಂದಿನ ವರ್ಷ, ಮೇ ೨೭ರಂದು, ಕಾಕ್ ಬಾಡೆನ್-ಬಾಡೆನ್ನಿನಲ್ಲಿ ತೀರಿಕೊಂಡಿದ್ದನು.

ಮದ್ದಾಗಿ ಸೋತ ಟ್ಯುಬರ್ಕ್ಯುಲಿನ್ ವ್ಯರ್ಥವಾಗಲಿಲ್ಲ. ಅದನ್ನು ಚುಚ್ಚಿದರೆ, ಸೋಂಕು ತಗಲಿದ ಹಸುವಿನ ಚರ್ಮ ಆ ಜಾಗದಲ್ಲಿ ಬಾತುಕೊಳ್ಳುತ್ತದೆ. ನೋಡಲು ಆರೋಗ್ಯವಾಗಿರುವ ಹಿಂಡಿನಲ್ಲಿ ಕ್ಷಯವಿರುವ ಹಸುವನ್ನು ಪಶುವೈದ್ಯರು ಇಂದಿಗೂ ಪತ್ತೆಹಚ್ಚುವುದು ಇದೇ ವಿಧಾನದಿಂದ.