ಶಸ್ತ್ರವಿಲ್ಲದ ಹೋರಾಟಕ್ಕೆ ಸ್ವರವಿತ್ತ ಪಲುಸ್ಕರರು

ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ಮಕ್ಕಳು ಬರೆಯುವ ಗಾಂಧರ್ವ ಸಂಗೀತ ಪರೀಕ್ಷೆಗಳ ಮಂಡಲ ನವಿ ಮುಂಬಯಿಯ ವಾಶಿಯಲ್ಲಿದೆ. ಅದರ ಮೂಲಪುರುಷರಾದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರನ್ನು ನಾವು ಶ್ರೇಷ್ಠ ಗಾಯಕರೆಂದು ಬಲ್ಲೆವು. ಅಹಿಂಸಾ ಹೋರಾಟಕ್ಕೆ ಅವರಿತ್ತ ಕೊಡುಗೆಯೂ ಸ್ಮರಣೀಯ.

1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಜನಿಸಿದ ಅವರ ದೃಷ್ಟಿಯನ್ನು ಬಾಲ್ಯದಲ್ಲೇ ಪಟಾಕಿ ಕುಂದಿಸಿತು. ಮೀರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರಿಂದ ಗ್ವಾಲಿಯರ್ ಗಾಯಕಿಯನ್ನು ಕಲಿತರು. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಗುರು ನೀಲಕಂಠಬುವಾ ಅವರೂ ಇದೇ ಗುರುವಿನ ಶಿಷ್ಯರು.

ಸಂಸ್ಥಾನದ ಆಶ್ರಯವನ್ನು ತೊರೆದ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿಯೂ 1908ರಲ್ಲಿ ಮುಂಬಯಿಯಲ್ಲಿಯೂ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸಂಗೀತವನ್ನು ಸಾಮಾನ್ಯರ ಮನೆಗೆ ತಂದರು. ಸಾಲದಿಂದಾಗಿ ಮುಂಬಯಿಯ ಕಟ್ಟಡ ಕೈತಪ್ಪಿತು; ಶಿಷ್ಯಸಂಪತ್ತು ಮಾತ್ರ ಉಳಿಯಿತು.

ಗಾಂಧೀಜಿಯವರು ಆಶ್ರಮಕ್ಕೊಬ್ಬ ಸಂಗೀತಗಾರರನ್ನು ಬಯಸಿದಾಗ, ಪಲುಸ್ಕರರು ತಮ್ಮ ಶಿಷ್ಯ ನಾರಾಯಣ ಮೋರೇಶ್ವರ ಖರೆಯವರನ್ನು ಕಳುಹಿಸಿಕೊಟ್ಟರು. 1930ರ ದಂಡಿಯಾತ್ರೆಯಲ್ಲಿ ಖರೆಯವರೂ ಹೆಜ್ಜೆ ಹಾಕಿದರು. ಪಲುಸ್ಕರರು ಜನಪ್ರಿಯಗೊಳಿಸಿದ ರಾಮಧುನ ಸತ್ಯಾಗ್ರಹಿಗಳ ಹಾಡಾಯಿತು. ಏಟಿಗೆ ಎದುರೇಟು ಕೊಡಬಾರದೆಂದು ಪಣತೊಟ್ಟವರಿಗೆ ಭಜನೆಯೇ ಧೈರ್ಯ ತುಂಬಿತು.

1931ರ ಆಗಸ್ಟ್ 21ರಂದು ಪಲುಸ್ಕರರು ಮೀರಜದಲ್ಲಿ ನಿಧನರಾದರು. ಅದೇ ವರ್ಷ ಶಿಷ್ಯರು ಮಂಡಲವನ್ನು ಸ್ಥಾಪಿಸಿದರು. ಯುದ್ಧದ ಸುದ್ದಿಗಳ ನಡುವೆ ಬೆಳೆಯುತ್ತಿರುವ ಮಕ್ಕಳಿಗೆ ಪ್ರಮಾಣಪತ್ರದೊಂದಿಗೆ ಈ ಜೀವನಕಥೆಯನ್ನೂ ನಾವು ಕೊಡಬೇಕಾಗಿದೆ.